‘ಹೀರೋಸ್’: ಆಗದು ಅನ್ನುವುದೇ ಇಲ್ಲದ ಕಥೆ

(ಚಿತ್ರಕಥೆ ಬರೆಯುವ ಆಸಕ್ತಿ ಇರುವವರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಕೆಟ್ಟುಹೋದ ಒಂದು ಧಾರಾವಾಹಿಯ ಬಗ್ಗೆ ಮಾತಾಡೋಣ. ಚೆನ್ನಾಗಿರುವುದನ್ನು ನೋಡಿದಾಗ ನಾವು ಖುಷಿಪಟ್ಟು ಸುಮ್ನೆ ಆಗಿಬಿಡುತ್ತೇವೆ. ಕೆಟ್ಟದ್ದನ್ನು ನೋಡಿದಾಗ ಮಾತ್ರ ಯಾಕೆ ಹೀಗಾಯಿತು ಅಂತ ಕೆದಕುತ್ತೇವೆ. ಅದೂ ಮೊದಲು ಚೆನ್ನಾಗಿದ್ದು ಆಮೇಲೆ ಹದಗೆಟ್ಟಿದ್ದಾದರೆ ಇನ್ನೂ ಅನುಕೂಲ. ಎಲ್ಲಿ ದಾರಿ ತಪ್ಪಿತು ಅಂತ ಬೆರಳಿಟ್ಟು ತೋರಿಸಬಹುದು.

ಧಾರಾವಾಹಿಯ ಹೆಸರು ‘ಹೀರೋಸ್’. ಸಾಮಾನ್ಯ ಜನರಿಗೆ ಇದ್ದಕ್ಕಿದ್ದ ಹಾಗೆ ಅತಿಮಾನುಷ ಶಕ್ತಿ ಬಂದುಬಿಡುವ ಕಥೆ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2006ರ ಸೆಪ್ಟೆಂಬರ್ 25ರಂದು ಶುರುವಾಯಿತು. ಹುಟ್ಟುಹಾಕಿದವರು ಟಿಮ್ ಕ್ರಿಂಗ್. ಮೊದಲ ಕಂತನ್ನೇ ಸುಮಾರು 1 ಕೋಟಿ 43 ಲಕ್ಷ ಜನ ನೋಡಿದರು. 2010ರ ಫೆಬ್ರವರಿಯಲ್ಲಿ ನಾಲ್ಕನೇ ಸೀಸನ್‌ನ ಕೊನೆಯ ಕಂತು ಬಂದಾಗ ಆ ಸಂಖ್ಯೆ 50 ಲಕ್ಷಕ್ಕೂ ಕೆಳಗೆ ಇಳಿದಿತ್ತು. ಆ ವರ್ಷದ ಮೇ ತಿಂಗಳಲ್ಲಿ ವಾಹಿನಿ ಕೈತೊಳೆದುಕೊಂಡಿತು.

ಈ ಕುಸಿತಕ್ಕೆ ಎಲ್ಲರೂ ಹೇಳುವ ಒಂದು ಕಾರಣ ಇದೆ. ಬರಹಗಾರರ ಮುಷ್ಕರ. ಅದರ ಬಗ್ಗೆ ಆಮೇಲೆ ಹೇಳುತ್ತೇನೆ. ನನಗೆ ಆ ಕಾರಣ ಪೂರ್ತಿ ಒಪ್ಪಿಗೆಯಿಲ್ಲ. ಮೊದಲು, ಮೊದಲ ಸೀಸನ್‌ನಲ್ಲಿ ಅಂಥದ್ದೇನಿತ್ತು ಅಂತ ನೋಡೋಣ.

ಟೋಕಿಯೊದ ಒಂದು ಆಫೀಸು. ಸಾಲಾಗಿ ಮೇಜುಗಳು. ಒಬ್ಬ ಗುಂಡು ಮುಖದ, ಕನ್ನಡಕದ ನೌಕರ ಗೋಡೆ ಗಡಿಯಾರವನ್ನು ನೆಟ್ಟ ನೋಟದಿಂದ ನೋಡುತ್ತಿದ್ದಾನೆ. ಮುಖ ಕಿವುಚಿಕೊಂಡು, ಉಸಿರು ಬಿಗಿಹಿಡಿದು ನೋಡುತ್ತಾನೆ. ಸೆಕೆಂಡ್ ಮುಳ್ಳು ಒಂದೇ ಒಂದು ಸೆಕೆಂಡು ಹಿಂದಕ್ಕೆ ಹೋಗುತ್ತದೆ. ಅಷ್ಟೇ. ಅವನಿಗೆ ತಡೆಯಲಾರದ ಸಂಭ್ರಮ. ಪಕ್ಕದ ಗೆಳೆಯ ಆಂಡೋಗೆ ಹೇಳಿದರೆ ಅವನು ನಂಬುವುದಿಲ್ಲ. ಯಾರು ನಂಬುತ್ತಾರೆ?

ಇವನೇ ಹಿರೋ ನಕಮುರ. ಪಾತ್ರ ಮಾಡಿದವರು ಮಾಸಿ ಓಕಾ. ಅವರು ನಟನೆಯ ಜೊತೆಗೆ ಸಿನಿಮಾ ಗ್ರಾಫಿಕ್ಸ್ ಕಂಪನಿಯಲ್ಲಿ ಡಿಜಿಟಲ್ ಎಫೆಕ್ಟ್ಸ್ ಕೆಲಸ ಮಾಡಿದವರು. ಮೊದಲ ಕಂತಿನ ಕೊನೆಗೆ ಹಿರೋ ಟೋಕಿಯೊದ ರೈಲಿನಲ್ಲಿ ಕಣ್ಣು ಮುಚ್ಚಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ಕಣ್ಣು ಬಿಡುತ್ತಾನೆ. ಎರಡೂ ಕೈ ಮೇಲೆತ್ತಿ ‘ಯಾಟ್ಟಾ!’ ಅಂತ ಕಿರುಚುತ್ತಾನೆ. ಜಪಾನಿಯಲ್ಲಿ ‘ಗೆದ್ದೆ’ ಅಂದ ಹಾಗೆ. ಆ ಒಂದು ಕೂಗಿಗೆ ಅಮೆರಿಕದ ಜನ ಮರುಳಾದರು. ಅವನ ಮಾತು ಹೆಚ್ಚಾಗಿ ಜಪಾನಿಯಲ್ಲೇ ಇತ್ತು ಅನ್ನುವುದನ್ನು ಗಮನಿಸಿ. ಅಡಿಬರಹವನ್ನು ತೆರೆಯ ಕೆಳಗೆ ಹಾಕುವ ಬದಲು ಕಾಮಿಕ್ಸ್ ಪುಸ್ತಕದ ಹಾಗೆ ಮಾತಾಡುವವರ ಮುಖದ ಪಕ್ಕದಲ್ಲೇ ಹಾಕಿದರು. ಜನ ಬೇಸರಪಡದೆ ಓದಿದರು.

ಉಳಿದವರೂ ಇಂಥವರೇ. ಪೀಟರ್ ಪೆಟ್ರೆಲ್ಲಿ ನ್ಯೂಯಾರ್ಕ್‌ನಲ್ಲಿ ಸಾವಿನಂಚಿನ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಅವನ ಅಣ್ಣ ನೇಥನ್ ಚುನಾವಣೆಗೆ ನಿಂತ ರಾಜಕಾರಣಿ. ಹಾರಬಲ್ಲ, ಆದರೆ ಅದು ಹೊರಗೆ ಗೊತ್ತಾದರೆ ಮತ ಹೋಗುತ್ತದೆ ಅನ್ನುವ ಭಯ. ಟೆಕ್ಸಸ್‌ನ ಒಡೆಸ್ಸಾ ಊರಿನ ಕ್ಲೇರ್ ಹೈಸ್ಕೂಲಿನ ಚಿಯರ್‌ಲೀಡರ್. ಎತ್ತರದಿಂದ ಹಾರಿ, ಮೂಳೆ ಮುರಿದುಕೊಂಡು, ಅದನ್ನು ತಾನೇ ಸರಿಯಾಗಿ ಕೂರಿಸಿಕೊಂಡು ಎದ್ದು ನಡೆಯುತ್ತಾಳೆ. ಮ್ಯಾಟ್ ಪಾರ್ಕ್‌ಮನ್ ಲಾಸ್ ಏಂಜಲೀಸ್‌ನ ಪೊಲೀಸ್ ಪೇದೆ. ಓದಲು ಕಷ್ಟಪಡುವವನು, ಪರೀಕ್ಷೆ ಪಾಸಾಗದೆ ಡಿಟೆಕ್ಟಿವ್ ಆಗಲಾರದವನು. ಅವನಿಗೆ ಬೇರೆಯವರ ಮನಸ್ಸಿನ ಮಾತು ಕೇಳಿಸತೊಡಗುತ್ತದೆ. ಹೆಂಡತಿಯದ್ದೂ ಸೇರಿ.

ಯಾರಿಗೂ ವೇಷ ಇಲ್ಲ. ಅಡ್ಡ ಹೆಸರು ಇಲ್ಲ. ಪೀಟರ್, ನೇಥನ್ ಅಣ್ಣತಮ್ಮಂದಿರನ್ನು ಬಿಟ್ಟರೆ ಒಬ್ಬರಿಗೆ ಇನ್ನೊಬ್ಬರು ಗೊತ್ತಿಲ್ಲ. ಎಲ್ಲರಿಗೂ ಮೊದಲೇ ಒಂದು ಸಮಸ್ಯೆ ಇದೆ, ಅದರ ಮೇಲೆ ಈ ಶಕ್ತಿ ಬಂದು ಕೂತಿದೆ. ಮೊದಲ ಕಂತುಗಳ ರುಚಿ ಅಲ್ಲಿತ್ತು. ಶಕ್ತಿ ಬಂದ ಮೇಲೆ ಬದುಕು ಸುಲಭ ಆಗುವುದಿಲ್ಲ. ಇನ್ನೂ ಗೋಜಲಾಗುತ್ತದೆ.

ನಮ್ಮ ಕಡೆಯವರೂ ಒಬ್ಬರು ಇದ್ದರು ಅನ್ನಿ. ಮೊಹಿಂದರ್ ಸುರೇಶ್, ಚೆನ್ನೈನ ತಳಿವಿಜ್ಞಾನಿ. ಚೆನ್ನೈನ ಮನೆಯಲ್ಲಿ ಮಗನಿಗೆ ಮೊಹಿಂದರ್ ಅಂತ ಯಾರು ಹೆಸರಿಟ್ಟರೋ! ಅಮೆರಿಕದ ಟಿವಿಯವರಿಗೆ ಭಾರತ ಅಂದರೆ ಎಲ್ಲಾ ಒಂದೇ. ಪಾತ್ರ ಮಾಡಿದ್ದು ಅಮೆರಿಕದಲ್ಲೇ ಹುಟ್ಟಿ ಬೆಳೆದ ಸೆಂಧಿಲ್ ರಾಮಮೂರ್ತಿ. ನ್ಯೂಯಾರ್ಕ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಾ ಇಂಥ ಜನರನ್ನು ಹುಡುಕುತ್ತಿದ್ದ ಅಪ್ಪ ಕೊಲೆಯಾದ ಮೇಲೆ ಮಗ ಅಲ್ಲಿಗೆ ಹೋಗಿ ಅದೇ ಕೆಲಸ ಮುಂದುವರಿಸುತ್ತಾನೆ. ಕಂತಿನ ಹಿಂದೆ ಮುಂದೆ ವಿಧಿ, ವಿಕಾಸ ಅಂತ ಹಿನ್ನೆಲೆ ಧ್ವನಿಯಲ್ಲಿ ಉಪದೇಶ ಹೇಳುವುದೂ ಇವನೇ. ಸಂಗೀತದ ನಡುವೆ ಆಲಾಪದ ಹಾಗೆ ಕೇಳುವ ಗಂಡು ದನಿ ಪಿಟೀಲು ವಾದಕ ಎಲ್. ಶಂಕರ್ ಅವರದ್ದು. ಇಷ್ಟು ನಮ್ಮವರ ಲೆಕ್ಕ.

ಇನ್ನು ಕಥೆಯ ಕಟ್ಟು. ಎರಡನೇ ಕಂತಿನಲ್ಲಿ ಟೈಮ್ಸ್ ಸ್ಕ್ವೇರ್‌ನ ಹಿರೋ ಒಂದು ಕಾಮಿಕ್ಸ್ ಪುಸ್ತಕ ನೋಡುತ್ತಾನೆ. ಅದರಲ್ಲಿ ಅವನದ್ದೇ ಕಥೆ ಇದೆ. ಬರೆದವನ ಮನೆ ಹುಡುಕಿಕೊಂಡು ಹೋದರೆ ಅವನು ಕೊಲೆಯಾಗಿ ಬಿದ್ದಿದ್ದಾನೆ. ಪೊಲೀಸರು ಹಿಡಿಯುತ್ತಾರೆ. ಆಗ ಗೊತ್ತಾಗುತ್ತದೆ, ಅವನು ಊರನ್ನು ಮಾತ್ರ ದಾಟಿ ಬಂದಿಲ್ಲ, ಅಕ್ಟೋಬರ್ 2ರಿಂದ ನವೆಂಬರ್ 8ಕ್ಕೆ ಬಂದಿದ್ದಾನೆ. ಕಿಟಕಿಯಾಚೆ ನ್ಯೂಯಾರ್ಕ್ ಸ್ಫೋಟವಾಗುತ್ತದೆ. ಅವನು ಹೇಗೋ ಮತ್ತೆ ಅಕ್ಟೋಬರ್‌ಗೆ ಹಾರುತ್ತಾನೆ.

ನೋಡಿ, ಎರಡನೇ ಕಂತಿಗೇ ತಾರೀಕು ಕೊಟ್ಟುಬಿಟ್ಟರು. ಕಥೆ ಎಲ್ಲಿಗೆ ಹೋಗಿ ಮುಟ್ಟಬೇಕು ಅಂತ ನೋಡುವವರಿಗೆ ಗೊತ್ತು, ಬರೆಯುವವರಿಗೂ ಗೊತ್ತು. ನಾಲ್ಕನೇ ಕಂತಿನ ಕೊನೆಗೆ, ಬೆನ್ನಿಗೆ ಕತ್ತಿ ಕಟ್ಟಿಕೊಂಡ ಇನ್ನೊಬ್ಬ ಹಿರೋ ಭವಿಷ್ಯದಿಂದ ಬಂದು, ನಿಂತುಹೋದ ರೈಲಿನಲ್ಲಿ ಪೀಟರ್ ಎದುರು ನಿಲ್ಲುತ್ತಾನೆ. ಐದನೆಯದರ ಶುರುವಿನಲ್ಲಿ ಹೇಳುತ್ತಾನೆ: ‘ಚಿಯರ್‌ಲೀಡರ್ ಹುಡುಗಿಯನ್ನು ಉಳಿಸು, ಜಗತ್ತನ್ನು ಉಳಿಸು.’ ಈ ಹಿರೋ ಇಂಗ್ಲಿಷ್ ಸರಾಗವಾಗಿ ಮಾತಾಡುತ್ತಾನೆ. ಅಷ್ಟರಲ್ಲೇ ಅವನು ಎಷ್ಟು ವರ್ಷ, ಎಷ್ಟು ಕಷ್ಟ ದಾಟಿ ಬಂದಿರಬಹುದು ಅಂತ ತಿಳಿಯುತ್ತದೆ. ಆ ಒಂದು ಸಾಲನ್ನು ವಾಹಿನಿಯವರು ಜಾಹೀರಾತಿನಲ್ಲಿ ಹಾಕಿ ಹಾಕಿ ಜನರ ಬಾಯಿಪಾಠ ಮಾಡಿಸಿದರು. ಹುಡುಗಿಯನ್ನು ಉಳಿಸುವ ಒಂಬತ್ತನೇ ಕಂತನ್ನು ನೋಡಿದವರು ಸುಮಾರು 1 ಕೋಟಿ 60 ಲಕ್ಷ.

ನನ್ನ ಮಾತಿಗೆ ಮುಖ್ಯವಾದ ಪಾತ್ರ ಇನ್ನೊಂದಿದೆ. ಚಾರ್ಲಿ. ಟೆಕ್ಸಸ್‌ನ ಒಂದು ಸಣ್ಣ ಹೋಟೆಲಿನಲ್ಲಿ ತಿಂಡಿ ಸಪ್ಲೈ ಮಾಡುವ ಹುಡುಗಿ. ಓದಿದ್ದೆಲ್ಲಾ ನೆನಪಿರುವುದೇ ಅವಳ ಶಕ್ತಿ. ಒಂದು ಪುಟ್ಟ ಪುಸ್ತಕ ನೋಡಿ ಹಿರೋ ಜೊತೆ ಜಪಾನಿಯಲ್ಲೇ ಮಾತಾಡುತ್ತಾಳೆ. ಅವನಿಗೆ ಮನಸ್ಸು ಜಾರುತ್ತದೆ. ಅಷ್ಟರಲ್ಲಿ ಸೈಲರ್ ಬಂದು ಅವಳನ್ನು ಕೊಲ್ಲುತ್ತಾನೆ. ಸೈಲರ್ ಅಂದರೆ ಬೇರೆಯವರ ತಲೆ ಕೊಯ್ದು ಶಕ್ತಿ ಕದಿಯುವವನು. ಮೂಲತಃ ಗಡಿಯಾರ ರಿಪೇರಿಯವನು. ಕ್ಲೇರ್‌ಳನ್ನು ಉಳಿಸಬೇಕಾಗಿರುವುದೂ ಇವನಿಂದಲೇ.

ಹಿರೋ ಏನು ಮಾಡುತ್ತಾನೆ? ಒಂದು ದಿನ ಹಿಂದೆ ಹೋಗಿ ಅವಳನ್ನು ಉಳಿಸೋಣ ಅಂತ ಹೊರಡುತ್ತಾನೆ. ಗುರಿ ತಪ್ಪಿ ಆರು ತಿಂಗಳು ಹಿಂದೆ ಹೋಗುತ್ತಾನೆ. ಅವಳ ಜೊತೆ ಬಹಳ ದಿನ ಕಳೆಯುತ್ತಾನೆ. ಕೊನೆಗೆ ಅವಳು ಹೇಳುತ್ತಾಳೆ, ನನ್ನ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ನಾನು ಹೇಗೂ ಉಳಿಯುವುದಿಲ್ಲ ಅಂತ. ಅವನು ತನಗೇ ಗೊತ್ತಿಲ್ಲದೆ ಅಲ್ಲಿಂದ ಹಾರಿ, ಕೊನೆಗೆ ವರ್ತಮಾನಕ್ಕೆ ಬಂದು ಬೀಳುತ್ತಾನೆ. ಚಾರ್ಲಿ ಸತ್ತೇ ಇದ್ದಾಳೆ.

ಕಾಲವನ್ನೇ ತಿರುಗಿಸಬಲ್ಲವನಿಗೂ ಒಂದು ವಿಷಯದಲ್ಲಿ ‘ಆಗದು’ ಅಂದರು ನೋಡಿ, ಅದು ಬರವಣಿಗೆ. ಈ ‘ಆಗದು’ ಇರುವವರೆಗೆ ಹಿರೋ ಶಕ್ತಿಗೆ ಬೆಲೆ ಇತ್ತು.

ನಮ್ಮ ಪುರಾಣಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಹಿರಣ್ಯಕಶಿಪುವಿಗೆ ಹಗಲೂ ಸಾವಿಲ್ಲ, ಇರುಳೂ ಇಲ್ಲ, ಒಳಗೂ ಇಲ್ಲ, ಹೊರಗೂ ಇಲ್ಲ. ಆದರೆ ಮುಸ್ಸಂಜೆ ಇದೆ, ಹೊಸ್ತಿಲು ಇದೆ. ಕರ್ಣನಿಗೆ ಇಂದ್ರ ಕೊಟ್ಟ ಶಕ್ತ್ಯಾಯುಧ ಒಂದೇ ಸಲಕ್ಕೆ. ಘಟೋತ್ಕಚನ ಮೇಲೆ ಬಿಟ್ಟರೆ ಅರ್ಜುನನಿಗೆ ಉಳಿಯುವುದಿಲ್ಲ. ವರ ಕೊಡುವಾಗಲೇ ಅದರಲ್ಲಿ ಒಂದು ಸಂದು ಬಿಟ್ಟಿರುತ್ತಾರೆ. ಯಕ್ಷಗಾನದಲ್ಲಿ ರಾತ್ರಿಯಿಡೀ ಕೂತು ನೋಡುವುದು ಆ ಸಂದಿಗಾಗಿ ಅಲ್ವಾ?

‘ಹೀರೋಸ್’ನವರು ಈ ಸಂದುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದರು. ಆದರೆ ಅದಕ್ಕೆ ಮೊದಲು ಮೊದಲ ಸೀಸನ್‌ನ 17ನೇ ಕಂತಿನ ಬಗ್ಗೆ ಹೇಳಲೇಬೇಕು. ಇಡೀ ಧಾರಾವಾಹಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದು. ಬರೆದವರು ಬ್ರಯಾನ್ ಫುಲ್ಲರ್.

ಕ್ಲೇರ್‌ಳ ಸಾಕು ತಂದೆ ನೋವಾ ಬೆನೆಟ್. ಹೊರಗಿನವರಿಗೆ ಕಾಗದದ ಕಂಪನಿಯ ಮ್ಯಾನೇಜರ್. ಒಳಗೆ, ಶಕ್ತಿ ಇರುವವರನ್ನು ಹಿಡಿದು ಗುರುತು ಹಾಕುವ ಗುಪ್ತ ಸಂಸ್ಥೆಯ ಆಸಾಮಿ. ದಪ್ಪ ಫ್ರೇಮಿನ ಕನ್ನಡಕ. ಅಲ್ಲಿಯವರೆಗೆ ನಮಗೆ ಅವನು ವಿಲನ್. ಈ ಕಂತಿನಲ್ಲಿ ಅವನ ಮನೆಯವರನ್ನೇ ಇಬ್ಬರು ಒತ್ತೆ ಇಟ್ಟುಕೊಳ್ಳುತ್ತಾರೆ. ಒಬ್ಬ ಮನಸ್ಸು ಓದುವ ಮ್ಯಾಟ್. ಇನ್ನೊಬ್ಬ ಟೆಡ್, ಸಿಟ್ಟು ಬಂದರೆ ಅಣುಬಾಂಬಿನ ಹಾಗೆ ಉರಿಯುವವನು. ಬೇರೆ ಯಾರ ಕಥೆಯೂ ನಡುವೆ ಬರುವುದಿಲ್ಲ. ಒಂದು ಮನೆ, ಒಂದು ಸಂಸಾರ. ನಡುನಡುವೆ ಹಳೆಯ ದಿನಗಳು. ಕಟ್ಟಡವೊಂದರ ಛಾವಣಿಯ ಮೇಲೆ ಅವನ ಕೈಗೆ ಒಂದು ಮಗುವನ್ನು ಕೊಟ್ಟು, ಸಾಕು, ಆದರೆ ಇವಳಿಗೆ ಶಕ್ತಿ ಬಂದರೆ ನಮಗೆ ಒಪ್ಪಿಸಬೇಕು ಅನ್ನುತ್ತಾರೆ. ಮುಂದೆ ಅದೇ ಮಗು ಪುಟ್ಟ ಹುಡುಗಿಯಾಗಿ ಅಂಗಡಿಯಲ್ಲಿ ಅಪ್ಪನಿಗೆ ಕನ್ನಡಕ ಆರಿಸಿ ಕೊಡುತ್ತದೆ. ಇಷ್ಟು ದಿನ ನಮಗೆ ಭಯ ಹುಟ್ಟಿಸಿದ ಆ ಕನ್ನಡಕ ಮಗಳು ಆರಿಸಿದ್ದು ಅಂತ ಗೊತ್ತಾದ ಕೂಡಲೇ ಆ ಮನುಷ್ಯ ನಮಗೆ ಬೇರೆಯೇ ಆಗಿ ಕಾಣುತ್ತಾನೆ.

ಕೊನೆಗೆ ಮನೆ ಹೊತ್ತಿ ಉರಿಯುತ್ತದೆ. ಟೆಡ್ ಹತ್ತಿರ ಹೋಗಿ ಅವನಿಗೆ ಮಂಪರು ಚುಚ್ಚುಮದ್ದು ಕೊಡಲು ಆಗುವುದು ಕ್ಲೇರ್‌ಗೆ ಮಾತ್ರ. ಅವಳು ಮೈಯೆಲ್ಲ ಸುಟ್ಟುಕೊಂಡು ಹೊರಗೆ ಬರುತ್ತಾಳೆ. ಚರ್ಮ ಕಣ್ಣೆದುರೇ ಮತ್ತೆ ಬೆಳೆಯುತ್ತದೆ. ಅವಳನ್ನು ಸಂಸ್ಥೆಗೆ ಒಪ್ಪಿಸಬಾರದು ಅಂದರೆ ಅವಳು ಎಲ್ಲಿದ್ದಾಳೆ ಅಂತ ಅಪ್ಪನಿಗೇ ಗೊತ್ತಿರಬಾರದು. ಹಾಗಾಗಿ ನೋವಾ ತನ್ನ ಜೊತೆಗಾರನಿಗೆ, ನನಗೆ ಗುಂಡು ಹೊಡೆದು ನನ್ನ ನೆನಪು ಅಳಿಸು ಅನ್ನುತ್ತಾನೆ. ನೋವಾಗೆ ಯಾವ ಶಕ್ತಿಯೂ ಇಲ್ಲ, ನೆನಪಿಡಿ. ಇಡೀ ಧಾರಾವಾಹಿಯ ಅತ್ಯುತ್ತಮ ಕಂತಿನ ನಾಯಕ ಶಕ್ತಿಯೇ ಇಲ್ಲದವನು.

ಮೊದಲ ಸೀಸನ್ 23 ಕಂತು. 2007ರ ಮೇ 21ಕ್ಕೆ ಮುಗಿಯಿತು. ಆ ಕೊನೆಯ ಕಂತಿನಲ್ಲೇ ಬಿರುಕು ಕಾಣಿಸಿತು ಅಂತ ನನ್ನ ಅಭಿಪ್ರಾಯ. ಪೀಟರ್‌ನ ಶಕ್ತಿ ಏನು? ಹತ್ತಿರ ಇರುವವರ ಶಕ್ತಿಯನ್ನು ಹೀರಿಕೊಳ್ಳುವುದು. ಟೆಡ್‌ನಿಂದ ಬಂದ ಶಕ್ತಿಯಿಂದ ಈಗ ಅವನೇ ಬಾಂಬ್. ನ್ಯೂಯಾರ್ಕ್‌ನ ಮಧ್ಯೆ ಸಿಡಿಯಲಿದ್ದಾನೆ. ಅಣ್ಣ ನೇಥನ್ ಹಾರಿ ಬಂದು ಅವನನ್ನು ಎತ್ತಿಕೊಂಡು ಆಕಾಶಕ್ಕೆ ಹೋಗುತ್ತಾನೆ. ಅಣ್ಣತಮ್ಮಂದಿರ ಕಥೆಗೆ ಒಪ್ಪುವ ಕೊನೆ. ಆದರೆ ನೋಡುತ್ತಿದ್ದ ಪ್ರತಿಯೊಬ್ಬರೂ ಕೇಳಿದ ಪ್ರಶ್ನೆ ಒಂದೇ. ಪೀಟರ್‌ಗೂ ಹಾರಲು ಬರುತ್ತದಲ್ಲ? ಅಣ್ಣನಿಂದಲೇ ಆ ಶಕ್ತಿ ಬಂದಿತ್ತಲ್ಲ? ತಾನೇ ಹಾರಿಹೋಗಬಹುದಿತ್ತಲ್ಲ?

ಪೀಟರ್‌ಗೆ ಎಲ್ಲವೂ ಬರುತ್ತದೆ. ಹಿರೋಗೆ ಎಲ್ಲ ಕಾಲಕ್ಕೂ ಹೋಗಲು ಬರುತ್ತದೆ. ಎಲ್ಲವೂ ಬರುವ ಇಬ್ಬರನ್ನು ಇಟ್ಟುಕೊಂಡು ಕಥೆ ಹೇಗೆ ಬರೆಯುತ್ತೀರಿ? ಯಾವ ತೊಂದರೆ ಕೊಟ್ಟರೂ ಐದು ನಿಮಿಷದಲ್ಲಿ ಪರಿಹಾರ. ಬರಹಗಾರರಿಗೆ ಉಳಿದದ್ದು ಒಂದೇ ದಾರಿ. ಪ್ರತಿ ಸಲವೂ ಈ ಇಬ್ಬರ ಕೈಕಾಲು ಕಟ್ಟಿಹಾಕುವುದು.

ಮುಂದಿನ ಮೂರು ಸೀಸನ್‌ಗಳನ್ನು ಈ ದೃಷ್ಟಿಯಿಂದ ನೋಡಿ. ಎರಡನೇ ಸೀಸನ್‌ನಲ್ಲಿ ಪೀಟರ್‌ಗೆ ನೆನಪೇ ಹೋಗಿದೆ, ಐರ್ಲೆಂಡಿನ ಕಾರ್ಕ್‌ನಲ್ಲಿ ಬಿದ್ದಿದ್ದಾನೆ. ಹಿರೋ 1671ರ ಜಪಾನಿನಲ್ಲಿ ಸಿಕ್ಕಿಕೊಂಡಿದ್ದಾನೆ. ಮೂರನೆಯದರಲ್ಲಿ ಪೀಟರ್ ಬೇರೆಯವನ ಮೈಯಲ್ಲಿ ಸಿಕ್ಕಿಬೀಳುತ್ತಾನೆ. ಅದರಿಂದ ಹೊರಬಂದರೆ, ಸತ್ತಿದ್ದಾನೆ ಅಂದುಕೊಂಡಿದ್ದ ಅಪ್ಪ ಬಂದು ಅವನ ಶಕ್ತಿಯೆಲ್ಲ ಕಿತ್ತುಕೊಳ್ಳುತ್ತಾನೆ. ಹಿರೋಗೆ ಹತ್ತು ವರ್ಷದ ಹುಡುಗನ ಬುದ್ಧಿ ಆಗಿಬಿಡುತ್ತದೆ. ಆಮೇಲೆ ಅವನ ಶಕ್ತಿಯೂ ಹೋಗುತ್ತದೆ, ಅರ್ಧ ವಾಪಸ್ ಬರುತ್ತದೆ. ನಾಲ್ಕನೆಯದರಲ್ಲಿ ಹಿರೋ ಮಿದುಳಿನಲ್ಲಿ ಗೆಡ್ಡೆ. ಇವು ಕಥೆಗಳಲ್ಲ. ಬೇಲಿಗಳು. ಮೊದಲೇ ಒಂದು ಷರತ್ತು ಹಾಕಿದ್ದರೆ ಇವು ಯಾವುವೂ ಬೇಕಿರಲಿಲ್ಲ. ಮೂರನೇ ಸೀಸನ್‌ನ ಕೊನೆಯ ಭಾಗದಲ್ಲಿ ಪೀಟರ್‌ಗೆ ಒಂದು ಸಲಕ್ಕೆ ಒಂದೇ ಶಕ್ತಿ ಅಂತ ನಿಯಮ ಮಾಡಿದರು. ಸರಿಯಾದ ನಿಯಮವೇ. ಆದರೆ ಅಷ್ಟರಲ್ಲಿ ನೋಡುವವರು ಎದ್ದು ಹೋಗಿದ್ದರು.

ಈಗ ಮುಷ್ಕರದ ವಿಷಯ. ಅಮೆರಿಕದ ಬರಹಗಾರರ ಸಂಘ 2007ರ ನವೆಂಬರ್ 5ರಿಂದ 2008ರ ಫೆಬ್ರವರಿ 12ರವರೆಗೆ ಕೆಲಸ ನಿಲ್ಲಿಸಿತು. ಇಂಟರ್ನೆಟ್‌ನಲ್ಲಿ ತಮ್ಮ ಕೆಲಸ ಓಡಿದರೆ ತಮಗೂ ಪಾಲು ಬೇಕು ಅನ್ನುವುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ನ್ಯಾಯವಾದದ್ದೇ. ಅದರಿಂದ ‘ಹೀರೋಸ್’ ಎರಡನೇ ಸೀಸನ್ 11 ಕಂತಿಗೆ ಡಿಸೆಂಬರ್ 3ರಂದು ನಿಂತಿತು. ಒಂದು ವೈರಸ್ ಊರೆಲ್ಲ ಹರಡುವ ಕಥೆ ಮುಂದೆ ಬರಬೇಕಿತ್ತು. ಅದನ್ನು ಕೈಬಿಟ್ಟು ಕೊನೆಯ ದೃಶ್ಯವನ್ನೇ ಬದಲಾಯಿಸಿದರು. ಬಿದ್ದು ಒಡೆಯಬೇಕಿದ್ದ ವೈರಸ್ ಸೀಸೆಯನ್ನು ಪೀಟರ್ ಹಿಡಿದುಬಿಡುತ್ತಾನೆ. ಆಮೇಲೆ ಒಂಬತ್ತು ತಿಂಗಳಿಗೂ ಜಾಸ್ತಿ ಧಾರಾವಾಹಿಯೇ ಇಲ್ಲ. ಪೆಟ್ಟು ಬಿದ್ದದ್ದು ನಿಜ.

ಆದರೆ ತಾರೀಕು ನೋಡಿ. ಎರಡನೇ ಸೀಸನ್‌ನ ಮೊದಲ ಕಂತು ಬಂದದ್ದು ಸೆಪ್ಟೆಂಬರ್ 24ಕ್ಕೆ. ಅವತ್ತು ನೋಡಿದವರು ಸುಮಾರು 1 ಕೋಟಿ 70 ಲಕ್ಷ. ಅಂದರೆ ಜನ ಬಂದರು, ಆಸೆಯಿಂದ ಬಂದರು. ವಾರ ವಾರ ಕಳೆದ ಹಾಗೆ ಹೊರಟುಹೋದರು. ಆ ಕಂತುಗಳನ್ನೆಲ್ಲ ಮುಷ್ಕರಕ್ಕೆ ಮೊದಲೇ ಬರೆದಾಗಿತ್ತು. ಕ್ರಿಂಗ್ ಅವರೇ ಆ ನವೆಂಬರ್‌ನಲ್ಲಿ ಒಂದು ಪತ್ರಿಕೆಗೆ ಸಂದರ್ಶನ ಕೊಟ್ಟು ತಪ್ಪು ಒಪ್ಪಿಕೊಂಡರು. ಕಥೆ ನಿಧಾನವಾಯಿತು, ಅಪಾಯ ಏನು ಅಂತ ಬೇಗ ಹೇಳಬೇಕಿತ್ತು, ಹಿರೋವನ್ನು ಜಪಾನಿನಲ್ಲಿ ಅಷ್ಟು ಕಾಲ ಇಡಬಾರದಿತ್ತು, ಹೊಸ ಪಾತ್ರಗಳನ್ನು ಹಳೆಯವರ ಕಥೆಯ ಒಳಗೇ ತರಬೇಕಿತ್ತು, ಪ್ರೇಮ ಪ್ರಸಂಗಗಳು ಹೊಂದಲಿಲ್ಲ. ಟಿವಿಯವರು ಸೀಸನ್ ನಡೆಯುತ್ತಿರುವಾಗಲೇ ಹೀಗೆ ಬಾಯಿಬಿಟ್ಟು ಹೇಳುವುದು ಅಪರೂಪ. ಅದಕ್ಕೆ ಅವರನ್ನು ಮೆಚ್ಚಬೇಕು.

ಆದರೆ ಅವರು ಹೇಳಿದ ಪಟ್ಟಿಯಲ್ಲಿ ಅಸಲಿ ರೋಗ ಇರಲಿಲ್ಲ. ಅದೇ ನವೆಂಬರ್‌ನಲ್ಲಿ ಬಂದ ಇನ್ನೊಂದು ಘಟನೆ ಹೇಳುತ್ತೇನೆ. ನೋವಾ ಬೆನೆಟ್ ಸಾಯುತ್ತಾನೆ ಅಂತ ಚಿತ್ರಕಾರ ಐಸಾಕ್, ಅಂದರೆ ಹಿರೋ ನೋಡಿದ ಆ ಕಾಮಿಕ್ಸ್ ಬರೆದವನು, ಮೊದಲೇ ಚಿತ್ರ ಬರೆದಿಟ್ಟಿದ್ದ. ಐಸಾಕ್ ಬರೆಯುವುದೆಲ್ಲ ನಡೆದೇ ನಡೆಯುತ್ತದೆ. (ಆ ಚಿತ್ರಗಳನ್ನು ನಿಜಕ್ಕೂ ಬರೆದವರು ಕಾಮಿಕ್ಸ್ ಕಲಾವಿದ ಟಿಮ್ ಸೇಲ್.) ಹಾಗೆಯೇ ಆಯಿತು. ಮೊಹಿಂದರ್ ಹೊಡೆದ ಗುಂಡು ಕನ್ನಡಕ ಒಡೆದು ಕಣ್ಣಿನ ಮೂಲಕ ಹೋಯಿತು. ಎದೆ ಝಲ್ಲೆನ್ನಿಸುವ ದೃಶ್ಯ. ಆದರೆ ಅದೇ ಕಂತು ಮುಗಿಯುವ ಮೊದಲು ನೋವಾ ಒಂದು ಹಾಸಿಗೆಯ ಮೇಲೆ ಕಣ್ಣು ಬಿಡುತ್ತಾನೆ. ಕೈಗೆ ರಕ್ತದ ಕೊಳವೆ. ಮಗಳು ಕ್ಲೇರ್‌ಳ ರಕ್ತ ಹಾಕಿದರೆ ಸತ್ತವರು ಏಳುತ್ತಾರಂತೆ.

ಅಲ್ಲಿಗೆ ಮುಗಿಯಿತು. ಇನ್ನು ಮೇಲೆ ಯಾರು ಸತ್ತರೂ ನೋಡುವವನು ಅಳುವುದಿಲ್ಲ, ಆ ಹುಡುಗಿಯನ್ನು ಕರೆಯಿರಿ ಅನ್ನುತ್ತಾನೆ. ನೇಥನ್ ಎಷ್ಟು ಸಲ ಸಾವಿನ ಬಾಗಿಲು ಮುಟ್ಟಿ ಬಂದ ಅಂತ ಲೆಕ್ಕ ಇಡುವುದೇ ಕಷ್ಟ. ಸ್ಫೋಟದಲ್ಲಿ ಬದುಕಿದ, ಗುಂಡೇಟಿನಲ್ಲಿ ಬದುಕಿದ. ಕೊನೆಗೆ ನಿಜವಾಗಿ ಸತ್ತಾಗಲೂ ಬಿಡಲಿಲ್ಲ. ಸೈಲರ್‌ಗೆ ನೇಥನ್‌ನ ರೂಪ ಮತ್ತು ನೆನಪು ತುಂಬಿ, ನೀನೇ ನೇಥನ್ ಅಂತ ನಂಬಿಸಿ, ಮತ್ತೆ ಅರ್ಧ ಸೀಸನ್ ಓಡಿಸಿದರು.

ಸಾವಿಗೆ ಬೆಲೆ ಇಲ್ಲದ ಕಡೆ ಮರೆವಿಗೂ ನಾಚಿಕೆ ಇರುವುದಿಲ್ಲ. ಕಾರ್ಕ್‌ನಲ್ಲಿ ಪೀಟರ್‌ಗೆ ಕೇಟ್ಲಿನ್ ಅನ್ನುವ ಹುಡುಗಿ ಸಿಗುತ್ತಾಳೆ. ಪ್ರೀತಿ ಆಗುತ್ತದೆ. ಪೀಟರ್ ಅರಿವಿಲ್ಲದೆ ಅವಳನ್ನೂ ಕರೆದುಕೊಂಡು ಮುಂದಿನ ವರ್ಷಕ್ಕೆ ಹಾರುತ್ತಾನೆ. ವೈರಸ್‌ನಿಂದ ನ್ಯೂಯಾರ್ಕ್ ಖಾಲಿಯಾಗಿರುವ ಕಾಲ ಅದು. ಅಲ್ಲಿ ಇಬ್ಬರೂ ಬೇರೆಯಾಗುತ್ತಾರೆ. ಅವನೊಬ್ಬನೇ ಇತ್ತ ವಾಪಸ್ ಬರುತ್ತಾನೆ. ಆಮೇಲೆ? ವೈರಸ್ ತಪ್ಪುತ್ತದೆ, ಆ ಭವಿಷ್ಯವೇ ಅಳಿಸಿಹೋಗುತ್ತದೆ. ಹುಡುಗಿ ಏನಾದಳು? ಮೂರನೇ ಸೀಸನ್‌ನಲ್ಲಿ ಅವಳ ಮಾತೇ ಇಲ್ಲ. ರೋಗಿಗಳ ಕೈ ಹಿಡಿದು ಕೂರುತ್ತಿದ್ದ ಪೀಟರ್‌ಗೆ ಅವಳ ನೆನಪೂ ಬರುವುದಿಲ್ಲ. ಮೊದಲ ಸೀಸನ್‌ನ ಪೀಟರ್ ಇವನಲ್ಲ ಅಂತ ನನಗೆ ಖಚಿತವಾದದ್ದು ಅಲ್ಲಿ.

ಇದೆಲ್ಲ ಯಾಕಾಯಿತು? ಗೆದ್ದದ್ದಕ್ಕೇ ಆಯಿತು ಅನ್ನಬೇಕು. ಕ್ರಿಂಗ್ ಮೊದಲು ಅಂದುಕೊಂಡದ್ದು ಕಾಲಕಾಲಕ್ಕೆ ಪಾತ್ರಗಳು ಬದಲಾಗಬೇಕು ಅಂತ. ಹಳಬರು ಹೋಗಿ ಹೊಸಬರು ಬರಬೇಕು. ಆದರೆ ಹಿರೋ, ಕ್ಲೇರ್, ಸೈಲರ್ ಇವರನ್ನು ಜನ ಹಚ್ಚಿಕೊಂಡುಬಿಟ್ಟರು. ಝಕರಿ ಕ್ವಿಂಟೋ ಮಾಡಿದ ಸೈಲರ್ ಮೊದಲ ಸೀಸನ್‌ನ ಕೊನೆಗೇ ಸಾಯಬಹುದಿತ್ತು. ಹಿರೋ ಕತ್ತಿಯಿಂದ ಚುಚ್ಚಿದ್ದ. ಆದರೆ ರಕ್ತದ ಗೆರೆ ಮ್ಯಾನ್‌ಹೋಲ್ ಕಡೆ ಹೋಗಿರುವುದನ್ನು ತೋರಿಸಿದರು. ಅಲ್ಲಿಂದ ಮುಂದೆ ಸೈಲರ್ ಕೆಟ್ಟವನು, ಒಳ್ಳೆಯವನು, ಪೆಟ್ರೆಲ್ಲಿ ಮನೆಯ ಮಗ, ಅಲ್ಲ, ಮಗನಲ್ಲ, ಮತ್ತೆ ಕೆಟ್ಟವನು. ಬರೆಯುವವರಿಗೆ ತಲೆ ಕೆಟ್ಟಿತ್ತೋ ಏನೋ, ನೋಡುವವರಿಗಂತೂ ಕೆಟ್ಟಿತು.

2007ರ ಮೇ ತಿಂಗಳನ್ನೇ ತೆಗೆದುಕೊಳ್ಳಿ. ಆಗ ಎಬಿಸಿ ವಾಹಿನಿಯ ‘ಲಾಸ್ಟ್’ ಧಾರಾವಾಹಿಯ ತಂಡ ಒಂದು ಘೋಷಣೆ ಮಾಡಿತು. ಇನ್ನು 48 ಕಂತು, ಮೂರು ಸೀಸನ್, 2010ಕ್ಕೆ ಮುಗಿಸುತ್ತೇವೆ ಅಂತ. ಬರಹಗಾರರೇ ಹಟ ಹಿಡಿದು ಕೊನೆಯ ತಾರೀಕು ಕೇಳಿ ಪಡೆದರು. ಅದೇ ತಿಂಗಳು ಎನ್‌ಬಿಸಿ ಏನು ಮಾಡಿತು? ‘ಹೀರೋಸ್’ 24 ಕಂತು ಬೇಕು, ಜೊತೆಗೆ ‘ಆರಿಜಿನ್ಸ್’ ಅಂತ ಇನ್ನೂ 6, ಒಟ್ಟು 30 ಅಂದಿತು. ಆರಿಜಿನ್ಸ್ ಬರಲೇ ಇಲ್ಲ, ಅದು ಬೇರೆ. ‘ಲಾಸ್ಟ್’ನ ಕೊನೆ ಎಲ್ಲರಿಗೂ ಹಿಡಿಸಲಿಲ್ಲ, ಒಪ್ಪುತ್ತೇನೆ. ಆದರೆ ತಾರೀಕು ಗೊತ್ತಿದ್ದವರು ಅದರ ಕಡೆಗೆ ನಡೆದರು. ನವೆಂಬರ್ 8 ಕಳೆದ ಮೇಲೆ ‘ಹೀರೋಸ್’ನವರಿಗೆ ಮುಂದಿನ ತಾರೀಕೇ ಇರಲಿಲ್ಲ.

ಮೂರನೇ ಸೀಸನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 25 ಕಂತು. ಶಕ್ತಿ ಕೊಡುವ ಸೂತ್ರ, ಒಂದು ಗ್ರಹಣ, ಮೊಹಿಂದರ್ ತನಗೇ ಚುಚ್ಚಿಕೊಂಡು ಮೈಯೆಲ್ಲ ಹಕ್ಕಳೆಗಟ್ಟಿ ಹುಳುವಿನ ಹಾಗೆ ಗೋಡೆ ಹತ್ತುವುದು. ಉಪದೇಶ ಹೇಳುತ್ತಿದ್ದ ಮೇಷ್ಟ್ರಿಗೆ ಈ ಗತಿ ಬರಬಾರದಿತ್ತು. 2008ರ ನವೆಂಬರ್‌ನಲ್ಲಿ ಜೆಫ್ ಲೋಬ್, ಜೆಸ್ಸಿ ಅಲೆಕ್ಸಾಂಡರ್ ಅನ್ನುವ ಇಬ್ಬರು ಹಿರಿಯ ನಿರ್ಮಾಪಕ-ಬರಹಗಾರರನ್ನು ತೆಗೆದುಹಾಕಿದರು. ಮೊದಲ ಸೀಸನ್ ನಂತರ ಬೇರೆ ಧಾರಾವಾಹಿ ಮಾಡಲು ಹೋಗಿದ್ದ ಬ್ರಯಾನ್ ಫುಲ್ಲರ್ ಮರಳಿ ಬಂದು ಒಂದೆರಡು ಒಳ್ಳೆಯ ಕಂತು ಕೊಟ್ಟು ಮತ್ತೆ ಹೊರಟರು.

ನಾಲ್ಕನೇ ಸೀಸನ್‌ನಲ್ಲಿ ಒಂದು ಕಡೆ ಮಾತ್ರ ನಾನು ನೆಟ್ಟಗೆ ಕೂತೆ. ಹಿರೋ ಮತ್ತೆ ಟೆಕ್ಸಸ್‌ನ ಆ ಹೋಟೆಲಿಗೆ ಹೋಗುತ್ತಾನೆ. ಈ ಸಲ ಚಾರ್ಲಿಯನ್ನು ಉಳಿಸಿಯೇ ತೀರುತ್ತೇನೆ ಅಂತ. ಸೈಲರ್‌ಗೇ ಬೆದರಿಕೆ ಹಾಕಿ ಅವಳ ಮಿದುಳಿನ ತೊಂದರೆ ಸರಿ ಮಾಡಿಸುತ್ತಾನೆ. ಅಯ್ಯೋ, ಆ ಒಂದು ‘ಆಗದು’ ಕೂಡ ಹೋಯಿತಲ್ಲ ಅಂತ ನನಗೆ ಅನ್ನಿಸಿತು. ಆದರೆ ಬರಹಗಾರರಿಗೂ ಅದು ಹೊಳೆದಿರಬೇಕು. ಸ್ಯಾಮುಯೆಲ್ ಅನ್ನುವ ವಿಲನ್ ಚಾರ್ಲಿಯನ್ನು ಕಾಲದಲ್ಲಿ ಎಲ್ಲೋ ಬಚ್ಚಿಟ್ಟುಬಿಡುತ್ತಾನೆ. ಕೊನೆಯ ಕಂತಿನಲ್ಲಿ ಹಿರೋಗೆ ಅವಳು ಸಿಗುತ್ತಾಳೆ, ಆಸ್ಪತ್ರೆಯಲ್ಲಿ, ಮುದುಕಿಯಾಗಿ. ಅವಳನ್ನು ಬಿಟ್ಟದ್ದು 1944ರ ಮಿಲ್ವಾಕಿಯಲ್ಲಿ. ಅಲ್ಲೇ ಮದುವೆಯಾಗಿ, ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾಳೆ. ಹಿರೋ ಈಗಲೂ ಹಿಂದೆ ಹೋಗಿ ಅವಳನ್ನು ಕರೆತರಬಲ್ಲ. ಅವಳು ಬೇಡ ಅನ್ನುತ್ತಾಳೆ. ಹಾಗೆ ಮಾಡಿದರೆ ಈ ಮೊಮ್ಮಕ್ಕಳು ಇರುವುದಿಲ್ಲವಲ್ಲ. ಹಿರೋ ಒಪ್ಪಿ ಎದ್ದು ಹೋಗುತ್ತಾನೆ. ಕಡೆಗೂ ಒಂದು ಷರತ್ತು ಸಿಕ್ಕಿತು. ಸಿಕ್ಕಿದ್ದು ಕೊನೆಯ ಕಂತಿನಲ್ಲಿ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತೇನೆ.

ಈಗ ನೋಡಬಹುದಾ ಅಂತ ಒಬ್ಬರು ಕೇಳಿದರು. ಧಾರಾಳವಾಗಿ ನೋಡಿ. ಮೊದಲ 23 ಕಂತು ನೋಡಿ ನಿಲ್ಲಿಸಿ. ಮ್ಯಾನ್‌ಹೋಲ್ ತೋರಿಸುವ ಮೊದಲೇ ಆಫ್ ಮಾಡಿದರೆ ಇನ್ನೂ ಒಳ್ಳೆಯದು. ಪುರುಸೊತ್ತು ಇಲ್ಲ ಅನ್ನುವವರು 17ನೆಯದನ್ನು ಮಾತ್ರ ನೋಡಿ. ಹಿಂದಿನ ಕಥೆ ಗೊತ್ತಿಲ್ಲದಿದ್ದರೂ ಅರ್ಥವಾಗುತ್ತದೆ.

ಇನ್ನೊಬ್ಬರು, 2015ರಲ್ಲಿ ‘ಹೀರೋಸ್ ರೀಬಾರ್ನ್’ ಅಂತ ಮತ್ತೆ ಬಂತಲ್ಲ, ಅದರಲ್ಲಿ ಸರಿ ಮಾಡಿದರಾ ಅಂದರು. ಇಲ್ಲ. ನೋವಾ ಬೆನೆಟ್ ಬಂದ, ಹಿರೋ ಸ್ವಲ್ಪ ಹೊತ್ತು ಬಂದ. ಕ್ಲೇರ್ ಬರಲಿಲ್ಲ, ಹೇಡನ್ ಪ್ಯಾನೆಟಿಯರ್ ಅದರಲ್ಲಿ ನಟಿಸಲಿಲ್ಲ. ಹಾಗಾಗಿ ಯಾವ ಗಾಯಕ್ಕೂ ಸಾಯದ ಆ ಹುಡುಗಿ ಹೆರಿಗೆಯಲ್ಲಿ ಸತ್ತಳು ಅಂತ ಬಾಯಿಮಾತಿನಲ್ಲಿ ಹೇಳಿ ಮುಗಿಸಿದರು. ಹೊಟ್ಟೆಯಲ್ಲಿದ್ದ ಮಗುವಿನ ಶಕ್ತಿ ಅವಳ ಶಕ್ತಿಯನ್ನು ತಡೆಯಿತಂತೆ. ಇಷ್ಟು ಒಳ್ಳೆಯ ಸಂದು ಒಂಬತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ಹೊಳೆದಾಗ ತೋರಿಸಲು ನಟಿ ಇರಲಿಲ್ಲ. 13 ಕಂತಿಗೆ ಅದೂ ನಿಂತಿತು.